ಮಕ್ಕಳಿಗೆ ಬಯಲೂ ಬೇಕು

ಮಕ್ಕಳ ಊಟ, ಲಸಿಕೆ, ಔಷಧ, ವಿದ್ಯಾಭ್ಯಾಸಗಳ ವಿಷಯದಲ್ಲಿ ಇಂದಿನ ತಂದೆತಾಯಿಗಳು ಬಹಳ ಕಾಳಜಿ ವಹಿಸುತ್ತಾರೆ. ಆದರೆ ‘ನಿಮ್ಮ ಮಗು ನಿನ್ನೆ ಎಷ್ಟು ಹೊತ್ತು ಬಯಲಿನಲ್ಲಿ ಆಡಿತು?’ ಎಂದು ಕೇಳಿದರೆ ಅನೇಕರು ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಹಸಿವಿಲ್ಲ, ರಾತ್ರಿ ಬೇಗ ನಿದ್ರೆ ಬಾರದು, ಹಠ ಹೆಚ್ಚು, ಕಪ್ಪುಹಲಗೆಯ ಮೇಲಿನ ಅಕ್ಷರ ಕಾಣದು ಎಂಬ ದೂರುಗಳೊಂದಿಗೆ ಮಕ್ಕಳನ್ನು ಕರೆತಂದಾಗ ನಾವು ತಪ್ಪದೆ ಕೇಳುವ ಪ್ರಶ್ನೆ ಇದು. ಮುಂಜಾನೆ ಶಾಲೆಯ ವಾಹನ, ಹಗಲೆಲ್ಲ ತರಗತಿ, ಸಂಜೆ ಮನೆಪಾಠ, ರಾತ್ರಿ ಮೊಬೈಲು. ಈ ದಿನಚರಿಯಲ್ಲಿ ಸೂರ್ಯನಿಗೂ ಗಾಳಿಗೂ ಮಣ್ಣಿಗೂ ಜಾಗವೇ ಉಳಿದಿಲ್ಲ.

ಆಟವೆಂದರೆ ಓದು ಮುಗಿದ ಮೇಲೆ ಕೊಡುವ ಬಹುಮಾನ, ಪರೀಕ್ಷೆ ಬಂದಾಗ ಕಿತ್ತುಕೊಳ್ಳಬಹುದಾದ ವಸ್ತು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಬಯಲಿನ ಆಟವೂ ಬಯಲಿನ ಪಾಠವೂ ಮಗುವಿನ ಬೆಳವಣಿಗೆಗೆ ಅನ್ನದಷ್ಟೇ ನಿತ್ಯದ ಅವಶ್ಯಕತೆ ಎಂಬುದನ್ನು ಈ ಲೇಖನದಲ್ಲಿ ತಿಳಿಸಬಯಸುತ್ತೇವೆ.

ಆಯುರ್ವೇದದ ದೃಷ್ಟಿ

ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯ, ಅಂದರೆ ಮಕ್ಕಳ ಪಾಲನೆ ಮತ್ತು ಚಿಕಿತ್ಸೆಯ ಶಾಸ್ತ್ರವೂ ಒಂದು. ಚರಕ ಸಂಹಿತೆಯ ಶಾರೀರಸ್ಥಾನದಲ್ಲಿ ಮಗುವಿನ ಆಟಿಕೆಗಳು ಹೇಗಿರಬೇಕೆಂಬ ವಿವರವಿದೆ. ಅವು ಬಗೆಬಗೆಯಾಗಿರಬೇಕು, ಸದ್ದು ಮಾಡುವಂತಿರಬೇಕು, ನೋಡಲು ಚೆಂದವಾಗಿರಬೇಕು, ಹಗುರವಾಗಿರಬೇಕು. ಚೂಪಾದ ಮೊನೆ ಇರಬಾರದು, ಬಾಯೊಳಗೆ ಹೋಗುವಷ್ಟು ಸಣ್ಣದಾಗಿರಬಾರದು, ಮಗುವನ್ನು ಹೆದರಿಸುವಂತಿರಬಾರದು. ಇಂದು ಆಟಿಕೆಗಳ ಪೆಟ್ಟಿಗೆಯ ಮೇಲೆ ಮುದ್ರಿಸುವ ಎಚ್ಚರಿಕೆಗಳಲ್ಲಿ ಹೆಚ್ಚಿನವು ಇವೇ ಆಗಿವೆ.

ಅಷ್ಟಾಂಗ ಸಂಗ್ರಹದ ಉತ್ತರಸ್ಥಾನವು ಆಟದ ನೆಲವನ್ನು ಕುರಿತು ಹೇಳುತ್ತದೆ. ಆ ನೆಲ ಸಮತಟ್ಟಾಗಿರಬೇಕು. ಅಲ್ಲಿ ಆಯುಧ, ಕಲ್ಲು, ಹರಳುಗಳಿರಬಾರದು. ವಾಯುವಿಳಂಗ ಹಾಗೂ ಮೆಣಸನ್ನು ಬೆರೆಸಿದ ನೀರನ್ನಾಗಲಿ, ಬೇವಿನ ನೀರನ್ನಾಗಲಿ ಅಲ್ಲಿ ಚಿಮುಕಿಸಬೇಕು. ವಾಯುವಿಳಂಗವು ಕ್ರಿಮಿನಾಶಕವೆಂದು ಪ್ರಸಿದ್ಧವಾದ ದ್ರವ್ಯ. ಮಗು ನೆಲದಲ್ಲಿ ಆಡುವುದು ಸಹಜ. ಆ ನೆಲವನ್ನು ಶುಚಿಯಾಗಿಡುವುದು ಹಿರಿಯರ ಹೊಣೆ ಎಂಬುದು ಇದರ ತಾತ್ಪರ್ಯ. ಮಗುವಿಗೆ ಮಣ್ಣು ತಗಲೀತೆಂದು ಅದನ್ನು ಮನೆಯೊಳಗೇ ಕೂಡಿಹಾಕಬೇಕೆಂದು ಶಾಸ್ತ್ರವು ಹೇಳಲಿಲ್ಲ.

ಇಲ್ಲೊಂದು ಸಂದೇಹ ಬರಬಹುದು. ವ್ಯಾಯಾಮವನ್ನು ವರ್ಜಿಸಬೇಕಾದವರ ಪಟ್ಟಿಯಲ್ಲಿ ಅಷ್ಟಾಂಗ ಹೃದಯವು ವೃದ್ಧರನ್ನು, ಅಜೀರ್ಣದಿಂದ ಬಳಲುವವರನ್ನು ಹೆಸರಿಸುವಲ್ಲಿಯೇ ಬಾಲರನ್ನೂ ಹೆಸರಿಸಿದೆ. ಹಾಗಾದರೆ ಮಕ್ಕಳು ಓಡಿಯಾಡಬಾರದೇ? ಎರಡು ಗ್ರಂಥಗಳೂ ವಾಗ್ಭಟನ ಹೆಸರಿನಲ್ಲಿಯೇ ಇರುವುದರಿಂದ ಈ ಪ್ರಶ್ನೆಗೆ ಉತ್ತರ ಹುಡುಕಲೇಬೇಕು. ಉತ್ತರ ಸರಳವಾಗಿದೆ: ವ್ಯಾಯಾಮ ಬೇರೆ, ಆಟ ಬೇರೆ. ವ್ಯಾಯಾಮವು ಶರೀರಕ್ಕೆ ಉದ್ದೇಶಪೂರ್ವಕವಾಗಿ ಕೊಡುವ ಶ್ರಮ. ಬಲವಂತರಾದ ದೊಡ್ಡವರು ಸಹ ಅದನ್ನು ಅರ್ಧ ಶಕ್ತಿಯಷ್ಟೇ ಮಾಡಬೇಕೆಂದು ಶಾಸ್ತ್ರದ ನಿಯಮವಿದೆ. ಆಟದಲ್ಲಿ ಮಗು ತಾನೇ ಓಡುತ್ತದೆ, ದಣಿದಾಗ ತಾನೇ ಕೂರುತ್ತದೆ, ದಣಿವಾರಿದೊಡನೆ ಮತ್ತೆ ಏಳುತ್ತದೆ. ಅಳತೆಯು ಅದರ ಒಳಗೇ ಇದೆ. ಆದುದರಿಂದ ಆರು ವರ್ಷದ ಮಗುವನ್ನು ನಸುಕಿನಲ್ಲಿ ಎಬ್ಬಿಸಿ ಕಠಿಣ ತರಬೇತಿಗೆ ಕಳುಹಿಸುವುದು ಆಟಕ್ಕೆ ಬದಲಾಗಲಾರದು. ಎಳೆಯ ಮಕ್ಕಳಿಗೆ ಬೇಕಾದುದು ಸೀಟಿ ಊದುವವರಿಲ್ಲದ, ಅಂಕ ಕೊಡುವವರಿಲ್ಲದ ಬಿಡುವಿನ ಆಟ.

ಬಾಲ್ಯವು ಕಫಪ್ರಧಾನವಾದ ಕಾಲ. ಶರೀರ ಬೆಳೆಯಲು ಕಫ ಬೇಕು. ಆದರೆ ಕುಳಿತಲ್ಲಿಯೇ ಕುಳಿತ ಮಗುವಿನಲ್ಲಿ ಅದು ಮಂದಾಗ್ನಿ, ಜಡತೆ, ಸ್ಥೂಲತೆಗಳಾಗಿ ಪರಿಣಮಿಸುತ್ತದೆ. ಚೆನ್ನಾಗಿ ಆಡಿ ಬಂದ ಮಗುವಿಗೆ ಹಸಿವಿನ ಟಾನಿಕ್ಕು ಬೇಕಾಗುವುದು ಅಪರೂಪ.

ಕಣ್ಣಿನ ರಕ್ಷಣೆ

ದೂರದ ವಸ್ತುಗಳು ಮಸುಕಾಗಿ ಕಾಣುವ ಸಮೀಪದೃಷ್ಟಿ ದೋಷವು ಇಂದು ಶಾಲಾ ಮಕ್ಕಳಲ್ಲಿ ಹೆಚ್ಚುತ್ತಿದೆ. ಇದರಲ್ಲಿ ಸಾಮಾನ್ಯವಾಗಿ ಕಣ್ಣುಗುಡ್ಡೆಯು ಹಿಂದಕ್ಕೆ ಅತಿಯಾಗಿ ಬೆಳೆದು ಉದ್ದವಾಗುತ್ತದೆ. ಹಾಗೆ ಬೆಳೆದ ಗುಡ್ಡೆಯು ಮತ್ತೆ ಚಿಕ್ಕದಾಗದು.

ಚೀನಾದ ಗುವಾಂಗ್‌ಝೌ ನಗರದ ಹನ್ನೆರಡು ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳ ಮೇಲೆ ನಡೆದ ಅಧ್ಯಯನವೊಂದರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಆರು ಶಾಲೆಗಳಲ್ಲಿ ಪ್ರತಿದಿನ 40 ನಿಮಿಷಗಳ ಹೊರಾಂಗಣ ಅವಧಿಯೊಂದನ್ನು ಹೆಚ್ಚುವರಿಯಾಗಿ ಸೇರಿಸಲಾಯಿತು. ಉಳಿದ ಆರರಲ್ಲಿ ಎಂದಿನ ವೇಳಾಪಟ್ಟಿಯೇ ಮುಂದುವರಿಯಿತು. ಮೂರು ವರ್ಷಗಳ ನಂತರ ನೋಡಿದಾಗ ಎಂದಿನಂತೆ ನಡೆದ ಶಾಲೆಗಳಲ್ಲಿ ಶೇಕಡ 39.5ರಷ್ಟು ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ ಬಂದಿತ್ತು. ಹೊರಾಂಗಣ ಅವಧಿಯಿದ್ದ ಶಾಲೆಗಳಲ್ಲಿ ಅದು ಶೇಕಡ 30.4ರಷ್ಟಿತ್ತು. ಔಷಧವಿಲ್ಲ, ವೆಚ್ಚವಿಲ್ಲ, ನೂರರಲ್ಲಿ ಸುಮಾರು ಒಂಬತ್ತು ಮಕ್ಕಳ ಕಣ್ಣು ಅಷ್ಟು ಕಾಲ ಉಳಿಯಿತು. ತೈವಾನ್ ದೇಶವು 2010ರಿಂದಲೇ ಶಾಲಾ ಮಕ್ಕಳು ದಿನಕ್ಕೆ 120 ನಿಮಿಷ ಹೊರಗಿರಬೇಕೆಂಬ ಕಾರ್ಯಕ್ರಮವನ್ನು ನಡೆಸಿಕೊಂಡು ಬಂದಿದೆ.

ಇದಕ್ಕೆ ಕಾರಣ ಬೆಳಕು ಎಂದು ತಜ್ಞರು ಬಹುಮಟ್ಟಿಗೆ ಒಪ್ಪುತ್ತಾರೆ. ತರಗತಿಯೊಳಗಿನ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ ಮಾತ್ರ. ಹಗಲಿನ ಬಯಲಿನ ಬೆಳಕು ಹತ್ತಾರು ಸಾವಿರ ಲಕ್ಸ್; ಮರದ ನೆರಳಿನಲ್ಲಿಯೂ ಸಾವಿರಗಟ್ಟಲೆ ಇರುತ್ತದೆ. ಈ ಬೆಳಕಿನಿಂದ ಅಕ್ಷಿಪಟಲದಲ್ಲಿ ಡೋಪಮೈನ್ ಎಂಬ ದ್ರವ್ಯವು ಹೆಚ್ಚಾಗಿ ಸ್ರವಿಸಿ ಗುಡ್ಡೆಯ ಅತಿಬೆಳವಣಿಗೆಯನ್ನು ತಡೆಯುತ್ತದೆಂಬುದು ಪ್ರಬಲವಾದ ವಿವರಣೆ. ಆದ್ದರಿಂದ ಮಗುವು ಸುಡುಬಿಸಿಲಿನಲ್ಲಿ ನಿಲ್ಲಬೇಕಿಲ್ಲ, ಮರದಡಿ ಆಡಿದರೂ ಕಣ್ಣಿಗೆ ಹಿತವೇ. ಒಂದು ಮಾತನ್ನು ಮರೆಯಬಾರದು: ಈಗಾಗಲೇ ದೋಷ ಬಂದಿರುವ ಮಗುವಿಗೆ ಕನ್ನಡಕ ಬೇಕೇ ಬೇಕು. ಬಯಲಿನ ಆಟವು ಕನ್ನಡಕವನ್ನು ಬಿಡಿಸುವ ಮದ್ದಲ್ಲ.

ಎಲುಬು, ನಿದ್ರೆ, ಮನಸ್ಸು

ನಮ್ಮ ದೇಶದಲ್ಲಿ ಬಿಸಿಲಿಗೆ ಬರವಿಲ್ಲ. ಆದರೂ 2016ರಿಂದ 2018ರವರೆಗೆ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯು ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಶೇಕಡ 14, ಐದರಿಂದ ಒಂಬತ್ತು ವರ್ಷದವರಲ್ಲಿ ಶೇಕಡ 18, ಹತ್ತರಿಂದ ಹತ್ತೊಂಬತ್ತು ವರ್ಷದವರಲ್ಲಿ ಶೇಕಡ 24ರಷ್ಟು ಡಿ ಜೀವಸತ್ವದ ಕೊರತೆಯನ್ನು ಕಂಡಿತು. ವಯಸ್ಸು ಹೆಚ್ಚಿದಂತೆ ಕೊರತೆಯೂ ಹೆಚ್ಚುವುದನ್ನು ಗಮನಿಸಬೇಕು. ಈ ಜೀವಸತ್ವವು ಸೂರ್ಯನ ನೇರಳಾತೀತ ಕಿರಣಗಳು ಚರ್ಮಕ್ಕೆ ತಾಗಿದಾಗ ಶರೀರದಲ್ಲಿ ತಯಾರಾಗುತ್ತದೆ. ಕಿಟಕಿಯ ಗಾಜಿನ ಹಿಂದೆ ಕುಳಿತರೆ ತಯಾರಾಗದು. ಬೆಳಗಿನ ಎಳೆಬಿಸಿಲಿನಲ್ಲಿಯೂ ಆ ಕಿರಣಗಳು ಕಡಿಮೆ. ನಮ್ಮ ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಾಗಿರುವ ಹೊತ್ತೇ ಇದಕ್ಕೆ ತಕ್ಕದ್ದು. ಆದ್ದರಿಂದ ಬೇಸಿಗೆಯ ಹೊರತಾಗಿ ಉಳಿದ ತಿಂಗಳುಗಳಲ್ಲಿ ಶಾಲೆಯ ಬೆಳಗಿನ ವಿರಾಮವನ್ನು ಮಕ್ಕಳು ಹೊರಗೆ ಕಳೆಯುವುದು ಒಳ್ಳೆಯದು.

ಎಲುಬು ಗಟ್ಟಿಯಾಗಲು ಜೀವಸತ್ವ, ಸುಣ್ಣದ ಅಂಶಗಳ ಜೊತೆಗೆ ಭಾರವೂ ಬೇಕು. ಹಾರುವುದು, ಜಿಗಿಯುವುದು, ಓಡುವುದು ಎಲುಬಿಗೆ ಬೆಳೆಯುವ ಕಾರಣವನ್ನು ಕೊಡುತ್ತವೆ. ಬಾಲ್ಯ, ಹರೆಯಗಳಲ್ಲಿ ಕೂಡಿಟ್ಟ ಎಲುಬಿನ ಸತ್ವವೇ ವೃದ್ಧಾಪ್ಯದಲ್ಲಿ ಖರ್ಚಿಗೆ ಒದಗುವ ಗಂಟು.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ನೀಡಿದ ಮಾರ್ಗಸೂಚಿಯಂತೆ ಮೂರು, ನಾಲ್ಕು ವರ್ಷದ ಮಕ್ಕಳು ದಿನದಲ್ಲಿ ಒಟ್ಟು 180 ನಿಮಿಷವಾದರೂ ಓಡಿಯಾಡುತ್ತಿರಬೇಕು. ಅದರಲ್ಲಿ 60 ನಿಮಿಷ ಚುರುಕಾದ ಚಲನೆಯಿರಬೇಕು. ಅವರು ಕುಳಿತು ಪರದೆ ನೋಡುವ ಕಾಲ ಒಂದು ಗಂಟೆಯನ್ನು ಮೀರಬಾರದು. ರಾತ್ರಿ, ಹಗಲು ಸೇರಿ 10ರಿಂದ 13 ಗಂಟೆಗಳ ನಿದ್ರೆ ಬೇಕು. ಐದು ವರ್ಷ ದಾಟಿದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ಚಟುವಟಿಕೆ ಬೇಕೆಂದು ಅದೇ ಸಂಸ್ಥೆ ಹೇಳಿದೆ.

ಇನ್ನು ಮನಸ್ಸಿನ ವಿಷಯ. ಲಗೋರಿಯಲ್ಲಿ ಸೋತವನು ಮರುಕ್ಷಣವೇ ಮತ್ತೆ ಕಲ್ಲು ಜೋಡಿಸಲು ಓಡುತ್ತಾನೆ. ‘ಔಟ್’ ಆದೆನೋ ಇಲ್ಲವೋ ಎಂಬ ಜಗಳವನ್ನು ಮಕ್ಕಳೇ ಮಾಡಿ ಮಕ್ಕಳೇ ಮುಗಿಸುತ್ತಾರೆ. ಸೋಲನ್ನು ತಾಳುವುದು, ತನ್ನ ಸರದಿಗೆ ಕಾಯುವುದು, ಚಿಕ್ಕವರನ್ನು ಆಟಕ್ಕೆ ಸೇರಿಸಿಕೊಳ್ಳುವುದು ಉಪದೇಶದಿಂದ ಬರುವ ಗುಣಗಳಲ್ಲ.

ಬಯಲಿನಲ್ಲಿ ಪಾಠ

ಹೊರಗೆ ಆಡಬೇಕು, ಒಳಗೆ ಕಲಿಯಬೇಕು ಎಂಬ ವಿಭಾಗವೂ ಸರಿಯಲ್ಲ. ರವೀಂದ್ರನಾಥ ಟ್ಯಾಗೋರರು 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆ ತೆರೆದಾಗ ಮರದ ನೆರಳನ್ನೇ ತರಗತಿಯಾಗಿಸಿದರು. ನಮ್ಮ ನಾಡಿನಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ಲಂಡನ್ನಿನ ಡೆಟ್‌ಫರ್ಡ್ ಎಂಬ ಬಡಜನರ ಬಡಾವಣೆಯಲ್ಲಿ ರೇಚಲ್ ಮತ್ತು ಮಾರ್ಗರೆಟ್ ಮೆಕ್‌ಮಿಲನ್ ಎಂಬ ಸಹೋದರಿಯರು ಮೊದಲು ತೆರೆದದ್ದು ಶಾಲಾ ಮಕ್ಕಳ ಚಿಕಿತ್ಸಾಲಯ. ಗುಣವಾಗಿ ಹೋದ ಮಕ್ಕಳು ಗಾಳಿಬೆಳಕಿಲ್ಲದ ಮನೆಗಳಿಂದ ಮತ್ತೆ ಅದೇ ರೋಗಗಳೊಂದಿಗೆ ಮರಳಿ ಬರುತ್ತಿದ್ದರು. ಔಷಧವೊಂದೇ ಸಾಲದೆಂದು ಕಂಡುಕೊಂಡ ಆ ಸಹೋದರಿಯರು 1914ರಲ್ಲಿ ತೋಟದ ನಡುವೆ ಬಯಲು ಶಿಶುವಿಹಾರವನ್ನು ಆರಂಭಿಸಿದರು. ವೈದ್ಯರಾದ ನಮಗೆ ಈ ಚರಿತ್ರೆಯು ಬಹಳ ಅರ್ಥವತ್ತಾಗಿ ತೋರುತ್ತದೆ.

ಬಯಲಿನ ಪಾಠಕ್ಕೆ ದೊಡ್ಡ ಸಲಕರಣೆಗಳು ಬೇಡ. ಶಾಲೆಯ ಅಂಗಳದಲ್ಲಿ ಒಂದು ನೇರವಾದ ಕೋಲನ್ನು ನೆಟ್ಟು ಗಂಟೆಗೊಮ್ಮೆ ಅದರ ನೆರಳಿನ ತುದಿಯನ್ನು ಮಕ್ಕಳಿಂದ ಗುರುತು ಮಾಡಿಸಿರಿ. ಅತಿ ಗಿಡ್ಡ ನೆರಳು ಬೀಳುವುದು ಸಾಮಾನ್ಯವಾಗಿ ಗಡಿಯಾರದ ಹನ್ನೆರಡಕ್ಕಲ್ಲ, ಸ್ವಲ್ಪ ತಡವಾಗಿ ಎಂಬುದನ್ನು ಅವರೇ ಕಾಣುತ್ತಾರೆ. ನಮ್ಮ ಗಡಿಯಾರವು ಕರ್ನಾಟಕಕ್ಕಿಂತ ಪೂರ್ವದಲ್ಲಿರುವ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಕೊಂಡಿರುವುದೇ ಇದಕ್ಕೆ ಕಾರಣ. ವರ್ಷದಲ್ಲಿ ಎರಡು ದಿನ ನಡುಹಗಲಿನಲ್ಲಿ ಆ ಕೋಲಿಗೆ ನೆರಳೇ ಇರುವುದಿಲ್ಲ. ಬೆಂಗಳೂರಿನಲ್ಲಿ ಅದು ಏಪ್ರಿಲ್ 24 ಹಾಗೂ ಆಗಸ್ಟ್ 18ರ ಸುಮಾರಿಗೆ ಬರುತ್ತದೆ. ಉತ್ತರದ ಊರುಗಳಲ್ಲಿ ಮೊದಲನೆಯದು ತಡವಾಗಿಯೂ ಎರಡನೆಯದು ಬೇಗನೆಯೂ ಬರುತ್ತದೆ. ಒಂದು ಕೋಲಿನಿಂದ ಭೂಗೋಲ, ಗಣಿತ, ಖಗೋಲ ಮೂರೂ ದೊರೆತವು.

ಹುಣಸೆಬೀಜಗಳನ್ನು ಹತ್ತು ಹತ್ತರ ಗುಂಪು ಮಾಡಿದ ಮಗುವಿಗೆ ಸ್ಥಾನಬೆಲೆ ಬೇಗ ಅರಿವಾಗುತ್ತದೆ. ಬೇವು, ಹೊಂಗೆ, ಅರಳಿಗಳಲ್ಲಿ ಒಂದೊಂದು ಮರವನ್ನು ಒಂದೊಂದು ಗುಂಪಿಗೆ ಒಪ್ಪಿಸಿ ಎಲೆ ಉದುರಿದ ದಿನ, ಚಿಗುರಿದ ದಿನ, ಹೂಬಿಟ್ಟ ದಿನಗಳನ್ನು ಬರೆದಿಡಲು ಹೇಳಬಹುದು. ತುಳಸಿ, ದೊಡ್ಡಪತ್ರೆ, ನೆಲನೆಲ್ಲಿ, ಅಮೃತಬಳ್ಳಿಗಳನ್ನು ಮುಟ್ಟಿ, ಮೂಸಿ ಗುರುತಿಸಲು ಕಲಿಸಬಹುದು. ಇವುಗಳೊಡನೆ ದತ್ತೂರಿ, ಕಣಗಿಲೆ, ಎಕ್ಕ, ಗುಲಗಂಜಿಗಳನ್ನೂ ತೋರಿಸಿ, ಇವು ವಿಷ, ಬಾಯಿಗಿಡಬಾರದು ಎಂದು ಹೇಳಿಕೊಡಲೇಬೇಕು. ಆಯುರ್ವೇದವು ಇವನ್ನು ಉಪವಿಷಗಳಲ್ಲಿ ಎಣಿಸಿದೆ. ಹಿರಿಯರನ್ನು ಕೇಳದೆ ಯಾವ ಕಾಯನ್ನೂ ಎಲೆಯನ್ನೂ ತಿನ್ನಬಾರದೆಂಬುದು ಬಯಲು ಪಾಠದ ಮೊದಲ ನಿಯಮವಾಗಲಿ.

ನಮ್ಮ ಹಿರಿಯರು ಇಂತಹ ಪಾಠಗಳನ್ನು ಹಬ್ಬಗಳಲ್ಲಿಯೇ ಅಳವಡಿಸಿದ್ದರು. ಉತ್ತರ ಕರ್ನಾಟಕದ ಮಣ್ಣೆತ್ತಿನ ಅಮಾವಾಸ್ಯೆಯಂದು ಮಕ್ಕಳು ಜಿಗುಟಾದ ಮಣ್ಣನ್ನು ಹದ ಮಾಡಿ ಎತ್ತು ಮಾಡುವರು. ಬೆರಳುಗಳಿಗೆ ಇದಕ್ಕಿಂತ ಉತ್ತಮ ಅಭ್ಯಾಸವಿಲ್ಲ. ಅಕ್ಷರ ಬರೆಯುವ ಬೆರಳಿಗೆ ಬಲ ಬರುವುದೇ ಹೀಗೆ. ನಾಗರಪಂಚಮಿಗೆ ಮರಕ್ಕೆ ಜೋಕಾಲಿ ಕಟ್ಟುವರು. ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಅಲ್ಲಿಯೇ ಉಣ್ಣುವರು. ಮಕ್ಕಳನ್ನು ಈ ಹಬ್ಬಗಳಿಂದ ದೂರವಿಟ್ಟು, ಅದೇ ಅನುಭವಕ್ಕಾಗಿ ಹಣ ತೆತ್ತು ಬೇಸಿಗೆ ಶಿಬಿರಕ್ಕೆ ಕಳುಹಿಸುವ ಸ್ಥಿತಿ ಬಂದಿರುವುದು ವಿಷಾದಕರ.

ಹೆಣ್ಣುಮಕ್ಕಳನ್ನು ಒಳಗೆ ಕರೆಯಬೇಡಿ

ಕುಂಟೆಬಿಲ್ಲೆ ಆಡುತ್ತಿದ್ದ ಹುಡುಗಿಯನ್ನು ಹತ್ತು ಹನ್ನೊಂದು ವರ್ಷವಾಗುತ್ತಲೇ ‘ದೊಡ್ಡವಳಾದೆ, ಇನ್ನು ಸಾಕು’ ಎಂದು ಒಳಗೆ ಕರೆಯುವ ರೂಢಿ ಹಲವು ಮನೆಗಳಲ್ಲಿದೆ. ಅವಳ ಎಲುಬು ಅತ್ಯಂತ ವೇಗವಾಗಿ ಬಲಗೊಳ್ಳುವ ಕಾಲ ಇದೇ. ಆಗ ಬಿಸಿಲೂ ಜಿಗಿತವೂ ತಪ್ಪಿದರೆ ಆ ನಷ್ಟವನ್ನು ಮುಂದೆ ತುಂಬುವುದು ಕಷ್ಟ. ಐವತ್ತು ದಾಟಿದ ತಾಯಂದಿರಲ್ಲಿ ಕಾಣುವ ಎಲುಬಿನ ಸವೆತಕ್ಕೆ ಬಾಲ್ಯದ ಕೊರತೆಯೂ ಒಂದು ಕಾರಣವಾಗಬಲ್ಲದು. ಹನ್ನೆರಡನೆಯ ಶತಮಾನದಲ್ಲಿಯೇ ಹೆಣ್ಣು ಗಂಡೆಂಬ ಭೇದವನ್ನು ಅಳಿಸಲು ಶ್ರಮಿಸಿದ ಶರಣರ ಪರಂಪರೆಯವರು ನಾವು. ಆಟದ ಬಯಲಿನಲ್ಲಿ ಆ ಭೇದವನ್ನು ಉಳಿಸಿಕೊಳ್ಳುವುದು ನಮಗೆ ಶೋಭಿಸದು.

ಪಾಲಿಸಬೇಕಾದ ಎಚ್ಚರಿಕೆಗಳು

ಬೇಸಿಗೆಯಲ್ಲಿ, ಅದರಲ್ಲಿಯೂ ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಗಳಲ್ಲಿ, ಬೆಳಿಗ್ಗೆ ಒಂಬತ್ತರೊಳಗೆ ಮತ್ತು ಸಂಜೆ ಬಿಸಿಲಿಳಿದ ಮೇಲೆ ಮಾತ್ರ ಮಕ್ಕಳನ್ನು ಆಡಲು ಬಿಡಬೇಕು. ನೀರು, ಮಜ್ಜಿಗೆ, ಪಾನಕಗಳನ್ನು ನಡುನಡುವೆ ಕೊಡಬೇಕು. ತಲೆಸುತ್ತು, ವಾಂತಿ, ತೊದಲು ಮಾತು ಕಂಡುಬಂದರೆ ಕೂಡಲೇ ನೆರಳಿಗೆ ತಂದು, ಮೈಯನ್ನು ನೀರಿನಿಂದ ತಂಪು ಮಾಡುತ್ತಾ ಆಸ್ಪತ್ರೆಗೆ ಒಯ್ಯಬೇಕು. ಹೊಟ್ಟೆ ತುಂಬ ಉಂಡ ಕೂಡಲೇ ಓಡಾಟದ ಆಟ ಬೇಡ.

ಮಲಮಿಶ್ರಿತವಾದ ಮಣ್ಣಿನಲ್ಲಿ ಬರಿಗಾಲಿನಲ್ಲಿ ನಡೆದರೆ ಕೊಕ್ಕೆಹುಳುವಿನ ಮರಿಗಳು ಪಾದದ ಚರ್ಮದ ಮೂಲಕ ಒಳಸೇರಿ ರಕ್ತಹೀನತೆಯನ್ನು ತರುತ್ತವೆ. ಅಂತಹ ಕಡೆ ಚಪ್ಪಲಿ ಇರಲಿ. ಆಡಿ ಬಂದೊಡನೆ ಕೈಕಾಲುಗಳನ್ನು ಸಾಬೂನಿನಿಂದ ತೊಳೆಯಲಿ. ಫೆಬ್ರವರಿ 10 ಮತ್ತು ಆಗಸ್ಟ್ 10ರ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನಗಳಂದು ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಮಾತ್ರೆಯನ್ನು ತಪ್ಪಿಸಬಾರದು.

ತರಚುಗಾಯವನ್ನು ಶುದ್ಧ ನೀರಿನಿಂದ ತೊಳೆದು, ಧನುರ್ವಾಯು ಲಸಿಕೆ ಆಗಿದೆಯೇ ಎಂದು ನೋಡಿಕೊಳ್ಳಬೇಕು. ನಾಯಿ ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ತೊಳೆದು ಅಂದೇ ರೇಬಿಸ್ ಲಸಿಕೆಯನ್ನು ಹಾಕಿಸಬೇಕು. ಹಾವು ಕಚ್ಚಿದರೆ ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ನಾಟಿ ಔಷಧಕ್ಕೆಂದು ಹೊತ್ತು ಕಳೆಯಬಾರದು. ಕಚ್ಚಿದ ಅಂಗವನ್ನು ಅಲುಗಾಡದಂತೆ ಇರಿಸಿ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಆಯುರ್ವೇದ ವೈದ್ಯರಾಗಿಯೇ ನಾವು ಇದನ್ನು ಒತ್ತಿ ಹೇಳುತ್ತೇವೆ. ಉಬ್ಬಸ, ಹೃದಯದ ತೊಂದರೆಯಿರುವ ಮಕ್ಕಳು ತಮ್ಮ ವೈದ್ಯರ ಸಲಹೆಯಂತೆ ಆಡಲಿ. ಅವರನ್ನು ಪೂರ್ತಿ ಕೂರಿಸಿಬಿಡುವ ಅಗತ್ಯ ಹೆಚ್ಚಿನ ಸಂದರ್ಭಗಳಲ್ಲಿ ಇರುವುದಿಲ್ಲ.

ನಾವು ಮಾಡಬಹುದಾದದ್ದು

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ 2009ರ ಕಾಯಿದೆಯು ಶಾಲೆಗೆ ಆಟದ ಮೈದಾನ ಇರಬೇಕೆಂದು ವಿಧಿಸಿದೆ. ಮೈದಾನವಿದ್ದರೂ ಸಾಲದು, ಮಕ್ಕಳನ್ನು ಅಲ್ಲಿಗೆ ಬಿಡಬೇಕು. ವೇಳಾಪಟ್ಟಿಯಲ್ಲಿರುವ ಆಟದ ಅವಧಿಯನ್ನು ಬೇರೆ ವಿಷಯಕ್ಕೆ ತೆಗೆದುಕೊಳ್ಳುವುದು, ಮನೆಗೆಲಸ ಮಾಡದ ಮಗುವಿಗೆ ಶಿಕ್ಷೆಯಾಗಿ ಆಟವನ್ನು ತಪ್ಪಿಸುವುದು ಅನೇಕ ಕಡೆ ನಡೆಯುತ್ತಿದೆ. ಊಟವನ್ನು ತಪ್ಪಿಸಿ ಶಿಕ್ಷಿಸುವುದು ಹೇಗೆ ತಪ್ಪೋ ಇದೂ ಹಾಗೆಯೇ ತಪ್ಪು. ಶ್ರೀಮಠದ ಭಕ್ತರಲ್ಲಿ ಶಿಕ್ಷಕರಿದ್ದಾರೆ, ಶಾಲೆಗಳ ಆಡಳಿತ ಮಂಡಳಿಗಳವರಿದ್ದಾರೆ, ಪಂಚಾಯತಿ ಸದಸ್ಯರಿದ್ದಾರೆ. ಹೊಸ ಕೊಠಡಿಯನ್ನು ಕಟ್ಟಿಸುವ ಮುನ್ನ ಅದು ಮಕ್ಕಳ ಮೈದಾನವನ್ನು ನುಂಗುತ್ತದೆಯೇ ಎಂದು ಒಮ್ಮೆ ಯೋಚಿಸಿರಿ. ಕೊಠಡಿಗೆ ಕೊಡುವ ದಾನದಂತೆ ಶಾಲೆಯ ಅಂಗಳದಲ್ಲಿ ನೆಡುವ ಒಂದು ಹೊಂಗೆಯ ಸಸಿಯೂ ದಾಸೋಹವೇ.

ಮನೆಯಲ್ಲಿ ಇಷ್ಟು ಸಾಕು. ಶಾಲೆಯಿಂದ ಬಂದ ಮಗುವಿಗೆ ಲಘುವಾದ ತಿಂಡಿ ಕೊಟ್ಟು, ಪುಸ್ತಕ ಬಿಚ್ಚುವ ಮೊದಲು ಒಂದು ಗಂಟೆ ಹೊರಗೆ ಬಿಡಿ. ಅಂಗಳವಿಲ್ಲದವರು ಹತ್ತಿರದ ಉದ್ಯಾನಕ್ಕೋ ದೇವಾಲಯದ ಪೌಳಿಗೋ ಮಠದ ಆವರಣಕ್ಕೋ ಕರೆದೊಯ್ಯಿರಿ. ಅಜ್ಜ ಅಜ್ಜಿಯರು ಜೊತೆಗಿದ್ದರೆ ಕಾವಲೂ ಆಯಿತು, ಅವರಿಗೂ ನಡಿಗೆಯಾಯಿತು. ಮಗು ಆಡುವಾಗ ಪ್ರತಿ ಹೆಜ್ಜೆಗೂ ‘ಬಿದ್ದೀಯೆ’ ಎನ್ನಬೇಡಿ. ಕಣ್ಣಳತೆಯಲ್ಲಿ ಇದ್ದರೆ ಸಾಕು. ಪರೀಕ್ಷೆಯ ದಿನಗಳಲ್ಲಿಯೂ ಅರ್ಧ ಗಂಟೆಯನ್ನಾದರೂ ಉಳಿಸಿಕೊಡಿ. ಆಡಿ ಬಂದ ಮಗುವು ಓದಿಗೆ ಕುಳಿತಾಗ ಅದರ ಗಮನ ಹೆಚ್ಚು ನಿಲ್ಲುವುದನ್ನು ನೀವೇ ನೋಡುವಿರಿ.

ಶರಣರು ದೇಹವನ್ನು ಪ್ರಸಾದಕಾಯವೆಂದು ಕಂಡರು, ಕಾಯಕವನ್ನು ಪೂಜೆಯಷ್ಟೇ ಎತ್ತರದಲ್ಲಿ ಇರಿಸಿದರು. ಮಗುವಿನ ಪಾಲಿಗೆ ಆಟವೇ ಕಾಯಕ. ಅದಕ್ಕೆ ಬೇಕಾದ ಹೊತ್ತನ್ನೂ ಬಯಲನ್ನೂ ಒದಗಿಸುವುದು ನಮ್ಮ ಕರ್ತವ್ಯ. ಇಂದಿನ ಸಂಜೆಯಿಂದಲೇ ಅದನ್ನು ಆರಂಭಿಸೋಣ.